ಅತ್ತೆ ಹೊಲಿದ ಅಡಾಪ್ಟರ್

ನಮ್ಮ ಸೋದರತ್ತೆಯ ಅಡುಗೆಮನೆಯಲ್ಲಿ ಏನನ್ನಾದರೂ ಮುಟ್ಟುವ ಮೊದಲು ದೇವರನ್ನು ನೆನೆಯಬೇಕು! ಸಾಸಿವೆ ಡಬ್ಬಿಯಲ್ಲಿ ಸ್ಕ್ರೂ, ಜೀರಿಗೆ ಡಬ್ಬಿಯಲ್ಲಿ ತಂತಿಯ ತುಣುಕು, ಉಪ್ಪಿನಕಾಯಿ ಜಾಡಿಯ ಪಕ್ಕ ಹೊಗೆಯಾಡುವ ಬೆಸುಗೆ ಕಡ್ಡಿ. ಒಮ್ಮೆ ಒಗ್ಗರಣೆಗೆಂದು ನಾನು ಕಾದ ಎಣ್ಣೆಗೆ ಸ್ಕ್ರೂಗಳನ್ನೇ ಸುರಿದೆ.

"ಇವು ಯಾಕ ಸಿಡಿಯಾಕತ್ತಿಲ್ಲ ಅತ್ತಿ?"

"ಹ್ಯಾಂಗ ಸಿಡೀತಾವಲೇ? ಸ್ಟೀಲ್ ಅವ!"

ಅತ್ತೆ ಆಳಂದದಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುವವಳು. ಮಾವನದು ಬಸ್ ಸ್ಟ್ಯಾಂಡಿನ ಹತ್ತಿರ ವಿಡಿಯೋ ಗೇಮ್ ಅಂಗಡಿ ಇತ್ತು. ನಾಣ್ಯ ಹಾಕಿ, ಕೋಲು ತಿರುಗಿಸಿ ಆಡುವ ಆಳೆತ್ತರದ ಯಂತ್ರಗಳು. ಮೊಬೈಲು ಬಂತು, ಅಂಗಡಿ ಮುಚ್ಚಿತು. ಉಳಿದದ್ದು ಒಂದು ಯಂತ್ರ, ಮತ್ತೆ ಮಾವನಿಗೆ ಪ್ರಾಣವಾಗಿದ್ದ ವಿಮಾನದಾಟ ತುಂಬಿದ ಅಂಗೈಯಗಲದ ಕಾರ್ಟ್ರಿಜ್. ಆದರೆ ಯಂತ್ರ ಒಂದು ಕಂಪನಿಯದು, ಕಾರ್ಟ್ರಿಜ್ ಮಾರಿಹೋದ ಇನ್ನೊಂದು ಕಂಪನಿಯ ಯಂತ್ರದ್ದು. ಕಾರ್ಟ್ರಿಜ್ಜಿನ ಹಲ್ಲು ಯಂತ್ರದ ಬಾಯಿಗೆ ಕೂರದು.

ಹೋದ ವರ್ಷ ಮಾವನಿಗೆ ಲಕ್ವಾ ಹೊಡೆದು ಬಲಗೈ ಸುಮ್ಮನಾಯಿತು. ಹಿಚುಕಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಮುಟ್ಟದೆ, ಮಾತೂ ಆಡದೆ, ಗೋಡೆ ನೋಡುತ್ತ ಕೂತರು. ಚೆಂಡು ಬೇಡವಾದರೆ ಆಟದ ಕೋಲನ್ನಾದರೂ ಹಿಡಿಯಲಿ ಎಂದು ಅತ್ತೆ ಇಂಚು ಟೇಪಿನಿಂದ ಯಂತ್ರದ ಬಾಯಿ ಅಳೆದೇ ಬಿಟ್ಟಳು. ನಡುವೆ ಕೂತು ಎರಡನ್ನೂ ಜೋಡಿಸುವ ಅಡಾಪ್ಟರನ್ನು ತಾನೇ ಮಾಡುತ್ತಾಳಂತೆ! ಪಾಠವೆಲ್ಲ ಮೊಬೈಲಿನ ವಿಡಿಯೋದಲ್ಲಿ, ಅದೂ ಯಾವುದೋ ಅರ್ಥವಾಗದ ಭಾಷೆಯಲ್ಲಿ.

"ಮಾತ ಯಾಕ ಬೇಕು? ಕೈ ಕಾಣಸ್ತದಲ್ಲ!" ಅಂದಳು.

ಪಕ್ಕದ ಖಜೂರಿ ಊರಿನ ಗುಜರಿಯವನ ಹತ್ತಿರ ಹೋಗಿ, ಹಳೇ ಕಂಪ್ಯೂಟರುಗಳ ಹೊಟ್ಟೆ ಬಗೆದು, ಹಲ್ಲು ಕೂರಿಸುವ ಪಟ್ಟಿಗಳನ್ನು ಆರಿಸಿದಳು. "ಇದರಿಂದ ಏನ್ ಮಾಡ್ತೀರಿ ಅಕ್ಕಾರ?" ಎಂದು ಅವನು ಕೇಳಿದ.

"ಲಗ್ನ ಮಾಡಸ್ತೇನಿ. ಎರಡೂ ಕಡಿ ಬೀಗರು ಭಾಳ ಹಟಮಾರಿ ಅದಾರ!"

ತಂತಿ ಬೆಸೆಯುವಾಗ ನೋಡಿದರೆ, ಬೇಕಾದ್ದಕ್ಕಿಂತ ಎರಡು ಪಟ್ಟು ಉದ್ದ! ಯಾಕೆಂದು ಕೇಳಿದೆ.

"ಒಳಗ ಮಾರ್ಜಿನ್ ಬಿಟ್ಟೇನಿ. ನಾಳೆ ದಪ್ಪಾದರ ಬಿಚ್ಚಾಕ ಬೇಕಲ್ಲ!"

ಅಡಾಪ್ಟರು ದಪ್ಪಾಗುತ್ತದೆಯೇ? ಆಯಿತು ನೋಡಿ! ತಂತಿಯೆಲ್ಲ ತುಂಬಿ, ಅದನ್ನು ಕೂರಿಸಿದ್ದ ಟಿಫಿನ್ ಡಬ್ಬಿಯ ಮುಚ್ಚಳ ಮುಚ್ಚಲೇ ಇಲ್ಲ. ಅತ್ತೆ ಅದಕ್ಕೆ ಜಂಪರಿನ ಹುಕ್ಕುಗಳನ್ನು ಹಚ್ಚಿದಳು. ಜಗತ್ತಿನಲ್ಲಿ ಹುಕ್ಕು ಹಾಕಿ ತೊಡಿಸುವ ಅಡಾಪ್ಟರು ಇದೊಂದೇ ಇರಬೇಕು.

ಆದರೂ ಪರದೆ ಬೆಳಗಲಿಲ್ಲ. ಕಾರ್ಟ್ರಿಜ್ಜಿನ ತಾಮ್ರದ ಹಲ್ಲು ಕಪ್ಪಾಗಿದೆ ಅಂದೆ. ತಾಮ್ರ ಎಂದದ್ದೇ ತಪ್ಪಾಯಿತು! ಪೂಜೆಯ ತಂಬಿಗೆಯ ಹಾಗೆ ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕಿದಳು. ಮರುದಿನ ಯಂತ್ರದ ತುಂಬ ಇರುವೆ. ಪರದೆಯ ಮೇಲೂ ಸಾಲುಗಟ್ಟಿ ಓಡಾಡುತ್ತಿದ್ದವು. ಹಾಲು ಕೇಳಲು ಬಂದ ಪಕ್ಕದ ಮನೆಯಾಕೆ ಅಲ್ಲೇ ನಿಂತು ನೋಡಿ, "ಆಟ ಚಾಲೂ ಆತಲ್ರಿ ಅಕ್ಕಾರ! ಭಾಳ ಚಲೋ ಆತು ಬಿಡ್ರಿ!" ಎಂದು ಸಂತೋಷಪಟ್ಟು ಹೋದಳು.

ಅತ್ತೆ ನಗಲಿಲ್ಲ. ಎಲ್ಲ ಬಿಚ್ಚಿ, ಒರೆಸಿ, ಒಣಗಿಸಿ, ಮತ್ತೆ ಬೆಸೆದಳು. ಸೋಲೊಪ್ಪುವುದು ಆಕೆಯ ಜಾಯಮಾನದಲ್ಲೇ ಇಲ್ಲ.

ಮೊನ್ನೆ ಮಧ್ಯಾಹ್ನ ಪರದೆ ಒಮ್ಮೆಲೇ ನೀಲಿಯಾಗಿ ವಿಮಾನ ಬಂತು. ಅತ್ತೆ ಮಾವನ ಬಲಗೈ ಎತ್ತಿ ಕೋಲಿನ ಮೇಲಿಟ್ಟು, ಮೇಲೆ ತನ್ನ ಕೈ ಇಟ್ಟು, "ಆಡ್ರಿ," ಅಂದಳು. ವಿಮಾನ ನೆಟ್ಟಗೆ ಹೋಗಿ ಬೆಟ್ಟಕ್ಕೆ ಬಡಿಯಿತು. ಇನ್ನೊಂದೂ ಬಡಿಯಿತು. ಸಾಕೆಂದು ಅತ್ತೆ ತನ್ನ ಕೈ ತೆಗೆದಳು. ಮಾವನ ಬೆರಳು ಮಾತ್ರ ಕೋಲನ್ನು ಬಿಡಲಿಲ್ಲ. ಮೂರನೆಯ ವಿಮಾನ ತುಸು ಎಡಕ್ಕೆ ವಾಲಿ, ಬೆಟ್ಟ ದಾಟಿ, ಆಮೇಲೆ ಬಿತ್ತು.

"ಇನ್ನೊಮ್ಮಿ... ಹಚ್ಚು," ಎಂದು ಮಾವ ತೊದಲಿದರು.

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಳುತ್ತಲೇ ಆಟ ಹಚ್ಚಿದಳು.