ಕುರಿ ಎಣಿಸಬಾರದ ಊರಿಗೆ ಐದು ಟ್ಯಾಬ್

ಸರ್ಕಾರಿ ಶಾಲೆಗೆ ಬರುವ ಯಾವ ಹೊಸ ವಸ್ತುವೂ ಪೆಟ್ಟಿಗೆಯೊಳಗೆ ಇರುವ ತನಕ ಮಾತ್ರ ಸರ್ಕಾರದ್ದು, ಹೊರಗೆ ಬಿತ್ತೆಂದರೆ ಊರಿನದು. ಆಮೇಲೆ ಅದರಿಂದ ಏನೇನಾಗುತ್ತದೆ ಅಂತ ಕಂಡುಹಿಡಿದವನಿಗೂ ಗೊತ್ತಿರುವುದಿಲ್ಲ. ಹದಿನಾಲ್ಕು ವರ್ಷದಿಂದ ಶಹಾಪುರದಲ್ಲಿ ಬಸ್ಸು ಹತ್ತಿ, ಕೆಂಭಾವಿ ಕಡೆಯ ಒಂದು ಸಣ್ಣ ಊರಿಗೆ ಹೋಗಿ ಪಾಠ ಮಾಡುತ್ತಿರುವ ನನಗೆ ಇಷ್ಟು ತಿಳಿದಿರಬೇಕಿತ್ತು. ತಿಳಿದಿದ್ದೂ ಕೈ ಎತ್ತಿದೆ.

ಕೈ ಎತ್ತಿದ್ದು ಯಾದಗಿರಿಯ ತರಬೇತಿಯಲ್ಲಿ, ದೀಪಾವಳಿ ಆದಮೇಲೆ. ಮೊಬೈಲ್ ಆಟದಿಂದ ಗಣಿತ ಕಲಿಸುವುದು ಹೇಗೆ ಅಂತ ಬೆಳಗಿನಿಂದ ಹೇಳಿ ಹೇಳಿ ಇಲಾಖೆಯ ಸಾಹೇಬರಿಗೂ ಸುಸ್ತಾಗಿತ್ತು. "ಆಟದಾಗ ಹತ್ತು ಲೆವೆಲ್ ಅದಾವ. ಮೂರು ತಿಂಗಳದಾಗ ಏಳನೇ ಲೆವೆಲ್ ದಾಟಿಸವ್ರು ಯಾರದೀರಿ?" ಅಂತ ಕೇಳಿದರು. ಎಲ್ಲರ ಕಣ್ಣೂ ಬಾಗಿಲ ಕಡೆಗೇ ಇತ್ತು. ಹೊರಗೆ ಊಟ ಬಡಿಸುವ ಸದ್ದು ಕೇಳುತ್ತಿತ್ತು. ಒಬ್ಬರಾದರೂ ಒಪ್ಪಿಕೊಳ್ಳದೆ ಅವರು ಬಿಡುವ ಹಾಗಿರಲಿಲ್ಲ. ಹಸಿವು ತಡೆಯದೆ ನಾನು ಕೈ ಎತ್ತಿದೆ. ಐದು ಟ್ಯಾಬ್ ಕೊಟ್ಟು, "ದಾಟಲಿಲ್ಲ ಅಂದ್ರ ಐದೂ ಬ್ಯಾರೆ ಶಾಲಿಗಿ ಹೋಗ್ತಾವ ನೋಡ್ರಿ" ಅಂತ ನನ್ನ ಹೆಸರಿನ ಮುಂದೆ ಬರೆದುಕೊಂಡರು.

ನನ್ನ ಕೋಣೆಯಲ್ಲಿ ನಾಲ್ಕನೆಯ ಮತ್ತು ಐದನೆಯ ತರಗತಿ ಒಟ್ಟಿಗೆ ಕೂರುತ್ತವೆ. ಒಟ್ಟು ಎಷ್ಟು ಮಕ್ಕಳು ಅಂತ ನಾನಿಲ್ಲಿ ಬರೆಯುವುದಿಲ್ಲ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ಅದರಲ್ಲಿ ನಾಲ್ಕನೆಯ ತರಗತಿಯ ಒಂದು ಹುಡುಗಿ ವಾರಕ್ಕೆ ಎರಡು ದಿನ ಶಾಲೆಗೆ, ನಾಲ್ಕು ದಿನ ಮನೆಯ ಕುರಿಗಳ ಹಿಂದೆ. ಟ್ಯಾಬ್ ಬಂದ ವಾರದಿಂದ ಅವಳು ಆರೂ ದಿನ ಬಂದಳು, ಅದೂ ಗಂಟೆ ಬಾರಿಸುವ ಮೊದಲೇ. ಟ್ಯಾಬ್ ಹೋದರೆ ಈ ಹುಡುಗಿಯೂ ಹೋಗುತ್ತಾಳೆ ಅಂತ ನನಗೆ ನಿಜವಾಗಿಯೂ ಹೆದರಿಕೆ ಇತ್ತು. ಮುಂದೆ ನಗುವಾಗ ಇದು ನೆನಪಿರಲಿ ಅಂತ ಮೊದಲೇ ಹೇಳಿಬಿಟ್ಟೆ.

ಟಾಕಿ ಹತ್ತಿದ ಹೆಡ್‌ಮಾಸ್ಟರ್

ಮಕ್ಕಳು ಎಷ್ಟು ಆಡಿದರು, ಎಷ್ಟು ಗೆದ್ದರು ಅನ್ನುವ ಲೆಕ್ಕವನ್ನು ಪ್ರತಿ ಶನಿವಾರ ಮೇಲಿನವರಿಗೆ ಕಳಿಸಬೇಕು. ನಮ್ಮ ಊರಿನಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಜಾಗದಲ್ಲಿ, ನೀರಿನ ಟಾಕಿಯ ಮೇಲೆ. ಮೊದಲ ಶನಿವಾರ ನಮ್ಮ ಹೆಡ್‌ಮಾಸ್ಟರು ಐದೂ ಟ್ಯಾಬ್‌ಗಳನ್ನು ಕೈಚೀಲಕ್ಕೆ ಹಾಕಿಕೊಂಡು ಏಣಿ ಹತ್ತಿದರು.

ನಮ್ಮ ಕಡೆ ಯಾರಾದರೂ ಟಾಕಿ ಹತ್ತಿದರೆಂದರೆ ಬೇಡಿಕೆ ಇಟ್ಟಿದ್ದಾರೆ ಅಂತಲೇ ಲೆಕ್ಕ. ಅರ್ಧ ಗಂಟೆಯಲ್ಲಿ ಅರ್ಧ ಊರು ಕೆಳಗೆ ಸೇರಿತು. ಪಂಚಾಯಿತಿ ಮೆಂಬರು ಊಟ ಬಿಟ್ಟು ಗಾಡಿ ಓಡಿಸಿಕೊಂಡು ಬಂದರು.

"ಸರ್, ಇಳೀರಿ. ಏನದ ಕುಂತು ಮಾತಾಡೂಣು."

ಮೇಲಿದ್ದವರಿಗೆ ಗಾಳಿಯಲ್ಲಿ ಏನೂ ಕೇಳಿಸಲಿಲ್ಲ. ಇನ್ನು ಎರಡು ಟ್ಯಾಬ್ ಬಾಕಿ ಇವೆ ಅಂತ ಎರಡು ಬೆರಳು ತೋರಿಸಿದರು.

"ಎರಡು ಬೇಡಿಕಿ ಅದಾವಂತ," ಅಂದರು ಮೆಂಬರು, ಹಣೆ ಒರೆಸಿಕೊಳ್ಳುತ್ತ. ಆ ಎರಡು ಯಾವುವು ಅಂತ ಯಾರೂ ಹೇಳಬೇಕಾಗಿರಲಿಲ್ಲ, ಮೂರು ವರ್ಷದಿಂದ ನಾವು ಅರ್ಜಿ ಕೊಡುತ್ತಲೇ ಇದ್ದೆವು. "ಹುಡುಗ್ಯಾರ ಪಾಯಖಾನಿ ಬಾಗಲ ಒಂದು, ಅಡಿಗಿ ಕೋಣಿ ಮ್ಯಾಲಿನ ತಗಡು ಒಂದು. ಎರಡೂ ಮಾಡಿಸ್ತೀನಿ ಸರ್. ಈ ಮಂದಿ ಮುಂದ ಹೇಳಾಕತ್ತೀನಿ, ಇಳೀರಿ."

ಅಷ್ಟೊತ್ತಿಗೆ ಕಳಿಸುವುದು ಮುಗಿದಿತ್ತು, ಹೆಡ್‌ಮಾಸ್ಟರು ಇಳಿದರು. ಜನ ಚಪ್ಪಾಳೆ ತಟ್ಟಿದರು. ಬುಧವಾರದೊಳಗೆ ಬಾಗಿಲೂ ಬಂತು, ತಗಡೂ ಬಂತು.

ಮುಂದಿನ ಶುಕ್ರವಾರ ಸಂಜೆ ಹೆಡ್‌ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಟೀಚರ್, ಕಂಪೌಂಡ್ ಗ್ವಾಡಿ ಒಂದು ಉಳದದ. ನಾಳಿಗಿ ಎಷ್ಟು ಬಟ್ಟು ತೋರಿಸ್ಲಿ?"

ಹದಿನೇಳರ ಮಗ್ಗಿ

ಮನೆಯಲ್ಲೂ ಮಕ್ಕಳು ಕಲಿಯಲಿ ಅಂತ ಪಾಲಕರ ಒಂದು ವಾಟ್ಸಾಪ್ ಗುಂಪು ಮಾಡಿದೆ. ಶಹಾಪುರದ ನನ್ನ ಮನೆಯಲ್ಲಿ ಕೂತು, ಎರಡರಿಂದ ಹದಿನೇಳರ ತನಕ ಮಗ್ಗಿಗಳನ್ನು ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ ಹಾಕಿದೆ. ಪಾಲಕರು ಸಂತೆಗೆ ಹೋದಾಗ ನೆಟ್‌ವರ್ಕ್ ಸಿಕ್ಕು ಅದು ಅವರ ಫೋನಿಗೆ ಇಳಿಯುತ್ತದೆ. ಒಬ್ಬ ತಂದೆಯಂತೂ ದಿನಾ ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಹಚ್ಚುತ್ತಾನೆ ಅಂತ ಕೇಳಿ ನನಗೆ ಹೆಮ್ಮೆಯಾಯಿತು. ಆದರೆ ಅವನ ಮಗನಿಗೆ ಮೂರರ ಮಗ್ಗಿಯೂ ಬರುತ್ತಿರಲಿಲ್ಲ. ಕಾರಣ ಕೇಳಲು ಹೊಲಕ್ಕೇ ಹೋದೆ.

ಜೋಳದ ತೆನೆ ಹಾಲುಗಟ್ಟಿದ ದಿನಗಳವು. ಹಕ್ಕಿ ಕಾಯಲು ಹೊಲದ ನಡುವೆ ಕಟ್ಟಿದ ಅಟ್ಟಣಿಗೆಯಲ್ಲಿ ಫೋನು ನೇತಾಡುತ್ತಿತ್ತು, ಅದರ ಹಿಂದೆ ಸದ್ದು ಜೋರಾಗಲಿ ಅಂತ ಒಂದು ಸ್ಟೀಲಿನ ಕೊಡ. ಕೊಡದೊಳಗಿಂದ ನಾನೇ ಕೂಗುತ್ತಿದ್ದೆ. ಅವನು ಗಿಡದ ನೆರಳಲ್ಲಿ ಮಲಗಿದ್ದ.

"ನಮಸ್ಕಾರ್ರಿ ಟೀಚರ್," ಅಂತ ಎದ್ದು ಕೂತ. "ಹೋದ ವರ್ಷ ಡಬ್ಬಿ ಬಡದೂ ಬಡದೂ ಕೈ ಸೋತಿದ್ವು. ಈ ವರ್ಷ ನಿಮ್ಮ ದನಿಗಿ ಒಂದು ಗುಬ್ಬಿನೂ ಕೂಡವಲ್ದ್ರಿ."

ನನಗೆ ಸಿಟ್ಟು ಬಂತು. ಅವನು ಮುಂದುವರಿಸಿದ: "ಹತ್ತರ ತನಕ ಸಣ್ಣ ಹಕ್ಕಿ ಹೋಗ್ತಾವ. ಗಿಳಿಗೋಳು ಮಾತ್ರ ಹದಿನೇಳರ ಮಗ್ಗಿ ಹಚ್ಚೂ ತನಕ ಕದಲಂಗಿಲ್ರಿ. ಬಾಜೂ ಹೊಲದಾಗ ಹಂದಿ ಕಾಟ ಭಾಳ ಅದಂತ, ಇಪ್ಪತ್ತೈದರ ತನಕ ಹಾಡಿಸ್ಕೊಂಡು ಬಾ ಅಂದಾರ."

ಒಂದು ಜೀವ ಕೊಡ್ರಿ

ಆಟದಲ್ಲಿ ಮೂರು ಸಲ ತಪ್ಪು ಮಾಡಬಹುದು, ಅದಕ್ಕೆ ಮೂರು ಜೀವ ಅನ್ನುತ್ತಾರೆ. ಮೂರೂ ಹೋದವೋ, ಆಟದೊಳಗೇ ತುಂಬಿಸಿಟ್ಟ ಅರ್ಧ ನಿಮಿಷದ ಒಂದು ಜಾಹೀರಾತು ನೋಡಿದರೆ ಇನ್ನೊಂದು ಜೀವ ಸಿಗುತ್ತದೆ. ಐದನೆಯ ತರಗತಿಯ ಒಬ್ಬ ಹುಡುಗನಿಗೆ ಇದು ಬಹಳ ನ್ಯಾಯವಾಗಿ ಕಂಡಿತು.

ಒಂದು ದಿನ ಹಲಗೆಯ ಮೇಲೆ ಲೆಕ್ಕ ಮಾಡಲು ಅವನನ್ನು ಕರೆದೆ. ಮೂರು ಸಲ ತಪ್ಪು ಮಾಡಿದ. ಹೋಗಿ ಕೂಡು ಅಂದೆ. ಅವನು ಕೂರದೆ, ತರಗತಿಯ ಕಡೆ ತಿರುಗಿ, ಕೈ ಕಟ್ಟಿಕೊಂಡು ಶುರುಮಾಡಿದ: "ಕೆಂಭಾವಿ ಸಂತಿಗಿ ಬಂದ್ರ ನಮ್ಮಪ್ಪನ ಬಂಡಿ ಮಿರ್ಚಿ ಭಜಿ ತಿನ್ರಿ. ಎಣ್ಣಿ ಹೊಸಾದು. ಮೆಣಸಿನಕಾಯಿ ನಮ್ಮ ಹೊಲದ್ದು. ಚುರಮುರಿ ಸಂಗಾಟ ಉಳ್ಳಾಗಡ್ಡಿ ಪುಕ್ಕಟಿ ಕೊಡ್ತೀವಿ. ಬಸ್‌ಸ್ಟ್ಯಾಂಡ್ ಬಾಜೂಕ, ಬೇವಿನ ಗಿಡದ ಬುಡಕ."

ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದ. "ಅರ್ಧ ಮಿನಿಟ್ ಆತ್ರಿ ಟೀಚರ್. ಒಂದು ಜೀವ ಕೊಡ್ರಿ."

ಕೊಡಲಿಲ್ಲ. ಕಿವಿ ಹಿಂಡಿ ಕೂರಿಸಿದೆ. ಆದರೆ ಸಂತೆಯ ದಿನ ಆ ಬೇವಿನ ಮರದ ಕೆಳಗೆ ಹೋಗಿ ನೋಡಿದರೆ, ಹೆಡ್‌ಮಾಸ್ಟರು ಆಗಲೇ ಎರಡನೆಯ ಪ್ಲೇಟಿನಲ್ಲಿದ್ದರು.

ಏಳನೇ ಲೆವೆಲ್

ಆರು ಲೆವೆಲ್‌ಗಳನ್ನು ಮಕ್ಕಳು ಸರಾಗವಾಗಿ ದಾಟಿದರು. ಎಲ್ಲರಿಗಿಂತ ಮುಂದೆ ಆ ಕುರಿಗಾರರ ಹುಡುಗಿ. ನಾನು ಸಿಕ್ಕಸಿಕ್ಕವರ ಮುಂದೆ ಜಂಬ ಕೊಚ್ಚಿಕೊಂಡು ಓಡಾಡಿದೆ. ಮೂರು ತಿಂಗಳ ಗಡುವು ಮುಗಿದು ಸಾಹೇಬರು ಪರೀಕ್ಷಿಸಲು ಬರುವುದಕ್ಕೆ ಹತ್ತು ದಿನ ಉಳಿದಿದ್ದಾಗ ಅವಳು ಏಳನೆಯ ಲೆವೆಲ್ ತೆರೆದಳು. ತೆರೆದವಳೇ ಟ್ಯಾಬನ್ನು ನೆಲದ ಮೇಲಿಟ್ಟು ಕೈ ಕಟ್ಟಿ ಕೂತಳು.

ಪರದೆಯ ಮೇಲೆ ಬಿಳಿ ಕುರಿಗಳು ಒಂದೊಂದಾಗಿ ಬೇಲಿ ಹಾರಿ, ಆಚೆ ಸಾಲಾಗಿ ನಿಲ್ಲುತ್ತಿದ್ದವು. ಎಷ್ಟು ಕುರಿ ಅಂತ ಕೆಳಗೆ ಪ್ರಶ್ನೆ ಇತ್ತು.

"ಯಾಕವ್ವ, ತಿಳೀಲಿಲ್ಲೇನು?"

"ತಿಳದದ್ರಿ ಟೀಚರ್. ಕುರಿ ಎಣಸಬಾರದ್ರಿ. ಕಣ್ಣು ಬಿದ್ದು, ನೆದರ ಆಗಿ ಒಂದೊಂದೇ ಕಡಿಮಿ ಆಗ್ತಾವ."

ತಿರುಗಿ ನೋಡಿದರೆ ಉಳಿದ ನಾಲ್ಕು ಟ್ಯಾಬ್‌ಗಳೂ ನೆಲದ ಮೇಲಿದ್ದವು. ನಮ್ಮ ಊರಿನಲ್ಲಿ ಕುರಿ ಇಲ್ಲದ ಮನೆಯೇ ಇಲ್ಲ.

"ಇವು ಚಿತ್ರದಾಗಿನ ಕುರಿ, ಖರೇವಲ್ಲ," ಅಂದೆ.

"ಯಾರದರ ಇದ್ದೇ ಇರ್ತಾವಲ್ರಿ. ಅವ್ರಿಗಿ ಲುಕ್ಸಾನ ಆಗ್ತದ."

"ಹಂಗಾರ ಸಂಜಿಗಿ ಎಲ್ಲಾ ಕುರಿ ಹಟ್ಟಿಗಿ ಬಂದಾವಿಲ್ಲೋ ನಿಮಗ ಹ್ಯಾಂಗ ಗೊತ್ತಾಗ್ತದ?"

"ಮಾರಿ ನೋಡ್ತೀವ್ರಿ. ಒಂದೊಂದರ ಮುಖ ಗುರ್ತ ಇರ್ತದಲ್ರಿ."

ಆಟ ಮಾಡಿದ ಕಂಪನಿಗೆ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿ, ಕುರಿಯ ಬದಲು ಮಾವಿನಹಣ್ಣು ಹಾಕಿಕೊಡಿ ಅಂತ ಬೇಡಿಕೊಂಡೆ. ಅಲ್ಲಿನ ಹುಡುಗಿ ಬಹಳ ಮರ್ಯಾದೆಯಿಂದ, "ಮಕ್ಕಳಿಗೆ ಕುರಿ ಅಂದರೆ ತುಂಬ ಪ್ರೀತಿ ಮೇಡಂ, ಅದಕ್ಕೇ ಹಾಕಿದ್ದೇವೆ," ಅಂದಳು. ನಮ್ಮ ಮಕ್ಕಳಿಗೆ ಪ್ರೀತಿ ಇರುವುದೇ ತೊಂದರೆ ಅಂತ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಬಸ್ಸು ಬಂತು.

ಬೇರೆ ದಾರಿ ಕಾಣದೆ ಹುಡುಗಿಯ ಅಜ್ಜಿಯನ್ನು ಕರೆಸಿದೆ. ಊರಿನಲ್ಲಿ ಎಲ್ಲರೂ ಆಯಿ ಅಂತಲೇ ಕರೆಯುವ ಹಿರಿಯಳು. ಮೊಮ್ಮಗಳ ಪಕ್ಕ ಕೂತು, ಟ್ಯಾಬನ್ನು ಮೂಗಿನ ಹತ್ತಿರ ಹಿಡಿದು ಸುಮಾರು ಹೊತ್ತು ನೋಡಿದಳು.

"ಯಾರ್ವು ಇವು?"

"ಕಂಪನಿಯವ್ರದು ಆಯಿ."

"ಮುಂಜಾನಿಂದ ಹಾರಸಾಕತ್ತೀರಂತ. ನೀರು ಕುಡಿಸೀರೇನು?"

"ಇವಕ್ಕ ನೀರು ಬೇಕಾಗಂಗಿಲ್ಲ."

"ಹಂಗ ಅಂದವ್ರ ಕುರಿ ಏನಾದ್ವು ಅಂತ ನಾ ನೋಡೀನಿ. ಉಣ್ಣೆನೂ ಕತ್ತರಿಸಿಲ್ಲ. ಬ್ಯಾಸಿಗಿ ಬರಾಕತ್ತದ. ನಮ್ಮ ಬಿಸಲಾಗ ಇವು ಉಳಿಯಂಗಿಲ್ಲ ತಂಗಿ, ಅವ್ರಿಗಿ ಹೇಳಿಬಿಡು."

ನಾನು ಗೋಗರೆದೆ. "ಆಯಿ, ಇವನ್ನ ಎಣಸಲಿಲ್ಲ ಅಂದ್ರ ಟ್ಯಾಬ್ ಒಯ್ತಾರ. ಒಯ್ದ್ರ ನಿಮ್ಮ ಮೊಮ್ಮಗಳು ಮತ್ತ ಶಾಲಿ ಬಿಡ್ತಾಳ. ಈಕಿ ಭಾಳ ಶಾಣ್ಯಾಕಿ ಅದಾಳ ಆಯಿ."

ಆಯಿ ಮೊಮ್ಮಗಳನ್ನು ನೋಡಿದಳು, ಕುರಿಗಳನ್ನು ನೋಡಿದಳು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಯೋಚಿಸಿದಳು. ಕೊನೆಗೆ, "ಕಾಲು ಎಣಸ್ಲಿ," ಅಂದಳು.

"ಏನು?"

"ಕಾಲಿಗಿ ನೆದರ ತಾಗಂಗಿಲ್ಲ. ಕಾಲು ಎಣಿಸಿ ಆಮ್ಯಾಲ ಏನರ ಮಾಡ್ಕೊಳ್ರಿ. ಕುರಿ ಇಷ್ಟದಾವಂತ ಬಾಯಿಲೆ ಮಾತ್ರ ಅನಬ್ಯಾಡ್ರಿ."

ಉಳಿದ ದಿನಗಳಲ್ಲಿ ನಮ್ಮ ಶಾಲೆಯಲ್ಲಿ ಕಾಲು ಎಣಿಸುವುದು, ನಾಲ್ಕರಿಂದ ಭಾಗಿಸುವುದು, ಈ ಎರಡು ಬಿಟ್ಟರೆ ಬೇರೆ ಕೆಲಸ ನಡೆಯಲಿಲ್ಲ. ಭಾಗಾಕಾರ ಬರುವುದು ಒಂಬತ್ತನೆಯ ಲೆವೆಲ್‌ನಲ್ಲಿ. ನಮ್ಮವರು ಏಳರಲ್ಲೇ ಅದನ್ನು ಅರೆದು ಕುಡಿದುಬಿಟ್ಟರು. ಚಿತ್ರದಲ್ಲಿ ಒಂದು ಕುರಿಗೆ ಮೂರೇ ಕಾಲು ಕಾಣುತ್ತಿತ್ತು, ಅದು ಕುಂಟೋ ಅಲ್ಲವೋ ಅಂತ ದೊಡ್ಡ ಜಗಳವಾಯಿತು. ಕುಂಟಿದ್ದರೂ ಅದನ್ನು ಹಾಗೆ ಅನ್ನಬಾರದು, ನಾಲ್ಕೇ ಹಿಡಿಯಿರಿ ಅಂತ ಆಯಿ ತೀರ್ಪು ಕೊಟ್ಟಳು.

ಸಾಹೇಬರು ಬಂದ ದಿನ

ಸಾಹೇಬರು ಹೇಳಿದ ದಿನವೇ ಜೀಪಿನಲ್ಲಿ ಬಂದರು. ಯಾರೂ ಕುರಿ ಎಣಿಸದಂತೆ ನೋಡಿಕೊಳ್ಳಲು ಆಯಿಯೂ ಬಂದು ಬಾಗಿಲಲ್ಲಿ ನಿಂತಳು. ಹುಡುಗಿ ಸಾಹೇಬರ ಮುಂದೆ ಕೂತು ಟ್ಯಾಬ್ ತೆರೆದಳು. ಕುರಿಗಳು ಹಾರಿ ನಿಂತವು. ಅವಳ ತುಟಿ ಪಟಪಟ ಅಲ್ಲಾಡಿತು. "ನಾಲ್ವತ್ತೆಂಟು," ಅಂದವಳು, ಉತ್ತರವನ್ನು ಬಾಯಲ್ಲಿ ಹೇಳದೆ ಹನ್ನೆರಡನ್ನು ಬೆರಳಿನಿಂದ ಒತ್ತಿದಳು. ಪರದೆಯ ಮೇಲೆ ಪಟಾಕಿ ಹಾರಿದವು. ಏಳನೆಯ ಲೆವೆಲ್ ದಾಟಿತ್ತು.

"ನಾಲ್ವತ್ತೆಂಟು ಎಲ್ಲಿಂದ ಬಂತು? ನೀಟಾಗಿ ಕುರಿನೇ ಎಣಸಬಹುದಿತ್ತಲ್ಲ," ಅಂದರು ಸಾಹೇಬರು. ನಾನು ಕತೆಯೆಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ಫಾರಂ ತೆಗೆದರು. ಹಾಜರಿದ್ದ ಮಕ್ಕಳ ಸಂಖ್ಯೆ ಅಂತ ಮೊದಲ ಸಾಲು. ಪೆನ್ನು ಎತ್ತಿ ಮಕ್ಕಳ ಕಡೆ ತೋರಿಸುತ್ತ, "ಒಂದು, ಎರಡು, ಮೂರು..." ಅಂತ ಶುರುಮಾಡಿದರು.

"ಸಾಹೇಬ್ರ," ಅಂದಳು ಆಯಿ ಬಾಗಿಲಿನಿಂದ. "ಕುರಿನೇ ಎಣಸಬಾರದು ಅಂದ್ರ, ಮಕ್ಕಳಿಗಿ ಹಂಗ ಬಟ್ಟು ಮಾಡಿ ಎಣಸ್ತಾರೇನ್ರಿ? ನಿಮಗ ಮಕ್ಕಳದಾವಿಲ್ಲೋ?"

ಸಾಹೇಬರ ಪೆನ್ನು ಅಲ್ಲೇ ನಿಂತಿತು. ಅವರು ನನ್ನನ್ನು ನೋಡಿದರು. ನಾನು ಹೆಡ್‌ಮಾಸ್ಟರನ್ನು ನೋಡಿದೆ. ಹೆಡ್‌ಮಾಸ್ಟರು ಕಿಟಕಿಯಿಂದ ಟಾಕಿಯನ್ನು ನೋಡುತ್ತಿದ್ದರು.

"ನನ್ನ ಮಗಳು ಈ ಸಲ ಹತ್ತನೇತ್ತಾ ಪರೀಕ್ಷಿ ಬರಿಯಾಕತ್ತಾಳ," ಅಂತ ಸಾಹೇಬರು ತಮ್ಮಷ್ಟಕ್ಕೆ ಗೊಣಗಿದರು. "ಸುಮ್ಮನ ಯಾಕ ಬೇಕು." ಆಮೇಲೆ ಸೊಂಟ ಬಗ್ಗಿಸಿ, ಕಾಲು ಎಣಿಸತೊಡಗಿದರು.

"ಮೂವತ್ತೊಂಬತ್ತು."

ಮತ್ತೊಮ್ಮೆ ಎಣಿಸಿದರು. ಮೂವತ್ತೊಂಬತ್ತೇ. "ಎರಡರಿಂದ ಭಾಗ ಹೋಗವಲ್ದಲ್ರಿ ಟೀಚರ್. ಇದು ಹ್ಯಾಂಗ?"

ಹುಡುಗಿ ಎದ್ದು ನಿಂತು, ಕೋಣೆಯ ತುಂಬ ಒಂದೇ ಸಲ ಕಣ್ಣಾಡಿಸಿದಳು. ಸಂಜೆ ಹಟ್ಟಿಯ ಬಾಗಿಲಲ್ಲಿ ನೋಡುವ ನೋಟ ಅದು. "ನಮ್ಮವ್ರೆಲ್ಲಾ ಅದಾರ್ರಿ ಸರ್. ಹೊಸ್ತಿಲ ಒಳಗ ಬಂದದ್ದು ಒಂದು ಕಾಲು ನಮ್ಮ ಆಯಿದು."

ಆಯಿ ಕಾಲನ್ನು ಹೊಸ್ತಿಲಾಚೆ ಎಳೆದುಕೊಂಡಳು. ಸಾಹೇಬರು ಬಾಯಿ ಬಿಡದೆ ಬರೆದುಕೊಂಡು, ಟ್ಯಾಬ್‌ಗಳು ಇದೇ ಶಾಲೆಯಲ್ಲಿರಲಿ ಅಂತ ಸಹಿ ಹಾಕಿ ಹೋದರು. ಜೀಪು ಕಣ್ಮರೆಯಾದ ಮೇಲೆ ನಾನು ಆ ಹುಡುಗಿಯನ್ನು ಅಪ್ಪಿಕೊಂಡು ಅತ್ತೆ. ಅವಳು ಇವತ್ತಿಗೂ ವಾರಕ್ಕೆ ಆರು ದಿನ ಬರುತ್ತಾಳೆ.

ಮುಂದಿನ ಶನಿವಾರ ಹೆಡ್‌ಮಾಸ್ಟರು ಎಂದಿನಂತೆ ಟಾಕಿಯ ಮೇಲಿದ್ದಾಗ ಅವರ ಫೋನು ರಿಂಗಾಯಿತು. ಯಾದಗಿರಿ ಕಚೇರಿಯದು. ಗಾಳಿಗೆ ಅವರು ಕೂಗಿ ಮಾತಾಡುತ್ತಿದ್ದುದರಿಂದ ಕೆಳಗೆ ನಿಂತ ಊರಿಗೆಲ್ಲ ಕೇಳಿಸಿತು.

"ಹೌದ್ರಿ ಸರ್, ಸಾಹೇಬ್ರು ಸರಿಯಾಗೇ ಬರದಾರ. ಹಾಜರಿ ಮೂವತ್ತೆಂಟು ಕಾಲು... ಇಲ್ರಿ, ನೀವು ಅದನ್ನ ಎರಡರಿಂದ ಭಾಗಿಸ್ರಿ... ಏ, ನಾಲ್ಕರಿಂದ ಬ್ಯಾಡ್ರಿ ಸರ್, ಅದು ಕುರಿ ಲೆಕ್ಕ."