ಮಾವ ಜರ್ಮನಿಯಿಂದ ತಂದ ಉಪವಾಸ

ನನ್ನ ಸೋದರಮಾವನಷ್ಟು ಓದಿದ ದಡ್ಡನನ್ನು ಭದ್ರಾವತಿಯಲ್ಲಿ ನಾನು ಬೇರೆ ಕಂಡಿಲ್ಲ. ಹೀಗೆಂದರೆ ಅವನಿಗೆ ಸಿಟ್ಟೂ ಬರುವುದಿಲ್ಲ, ಅದೇ ಅವನ ದೊಡ್ಡ ದೋಷ! ಅರವತ್ತರ ದಶಕದ ಆರಂಭದಲ್ಲಿ ಅವನನ್ನು ಜರ್ಮನಿಗೆ ಕಳಿಸಿದ್ದು ಕಬ್ಬಿಣದ ವಿದ್ಯೆಯಲ್ಲಿ ದೊಡ್ಡ ಡಿಗ್ರಿ ಮಾಡಿಕೊಂಡು ಬರಲಿ ಎಂದು. ಡಿಗ್ರಿಯೇನೋ ಬಂತು. ಅದರ ಬೆನ್ನಿಗೇ ದೇಶದೇಶದ ಸ್ನೇಹಿತರ ಚಾಳಿಗಳೂ ಬಂದವು. ಕ್ಯಾಮೆರಾ ತಂದಿರುತ್ತಾನೆಂದು ಟ್ರಂಕಿನ ಸುತ್ತ ಕೂತಿದ್ದ ನಾವು ಸಪ್ಪೆ ಮುಖ ಹಾಕಿಕೊಂಡು ಎದ್ದೆವು.

ಅವನ ಕ್ಲಾಸಿನಲ್ಲಿ ಒಂದೊಂದು ದೇಶದಿಂದ ಒಬ್ಬೊಬ್ಬರು ಇದ್ದರಂತೆ. ಅವರಲ್ಲಿ ಜಪಾನಿನವನೊಬ್ಬ ಎದುರು ಸಿಕ್ಕವರಿಗೆಲ್ಲ ಸೊಂಟ ಬಗ್ಗಿಸುತ್ತಿದ್ದನಂತೆ. ಮಾವನಿಗೂ ಅದು ಅಂಟಿತು. ಬಸ್ ಕಂಡಕ್ಟರಿಗೂ ಬಗ್ಗುವುದು, ಹಾಲಿನವಳಿಗೂ ಬಗ್ಗುವುದು! ಹಾಲಿನವಳು ಪಾಪ ಹೆದರಿ, "ಅಮ್ಮಾರೇ, ನೀರು ಒಂಚೂರು ಜಾಸ್ತಿ ಬಿದ್ದಿದ್ದು ನಿಜ. ಅದ್ಕೆ ಸಾಹೇಬ್ರು ಹಿಂಗೆಲ್ಲ ಅಣಕಿಸ್ಬೇಕಾ?" ಎಂದು ತಾನಾಗಿಯೇ ಒಪ್ಪಿಕೊಂಡಳು. ಅವತ್ತಿನಿಂದ ನಮ್ಮ ಅಜ್ಜಿಯ ಮನೆಗೆ ಗಟ್ಟಿ ಹಾಲು ಬರತೊಡಗಿತು.

ಬಗ್ಗುವುದನ್ನಾದರೂ ಸಹಿಸಬಹುದಿತ್ತು. ರಂಜಾನಿನ ರೋಜಾ?

ಅದನ್ನು ಹಚ್ಚಿದವನು ಈಜಿಪ್ಟಿನ ಮಹಮೂದ್. ಮೊದಲ ವರ್ಷದ ಶಿವರಾತ್ರಿಯ ದಿನ ಹಾಸ್ಟೆಲಿನ ಊಟದ ಕೋಣೆಯಲ್ಲಿ ಎಲ್ಲರೂ ಗಬಗಬ ತಿನ್ನುತ್ತಿದ್ದರೆ, ನಮ್ಮ ಮಾವ ಖಾಲಿ ತಟ್ಟೆಯ ಮುಂದೆ ಕೂತಿದ್ದ. ನೋಡಿದರೆ ಎದುರಿಗೆ ಇನ್ನೊಂದು ಖಾಲಿ ತಟ್ಟೆ! ಆ ವರ್ಷ ರಂಜಾನಿನ ಕೊನೆಯಲ್ಲೇ ಶಿವರಾತ್ರಿ ಬಿದ್ದಿತ್ತು. ಅಲ್ಲಿಯವರೆಗೆ ಇಬ್ಬರೂ ಮಾತೇ ಆಡಿರಲಿಲ್ಲವಂತೆ. ಸೂರ್ಯ ಮುಳುಗಿದ ಮೇಲೆ ಮಹಮೂದ್ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು, "ನಿನ್ನದು ಯಾವಾಗ ಮುಗಿಯುತ್ತದೆ?" ಎಂದು ಕೇಳಿದ. "ನಾಳೆ ಬೆಳಿಗ್ಗೆ" ಎಂದ ಮಾವ. ಮಹಮೂದ್ ಊಟಕ್ಕೆ ಏಳಲಿಲ್ಲ, ಜೊತೆಗೇ ಕೂತುಬಿಟ್ಟ. ಉಪವಾಸದಲ್ಲಿ ಸ್ನೇಹ ಮಾಡಿದವರನ್ನು ಎಲ್ಲಾದರೂ ಕೇಳಿದ್ದೀರಾ? ಕೊನೆಗೆ ಊರಿಗೆ ಹೊರಡುವಾಗ ಇವರು ಮಾಡಿಕೊಂಡ ಒಪ್ಪಂದ ಇದು: ಎಲ್ಲೇ ಇದ್ದರೂ ಇವನು ಅವನ ರೋಜಾ ಹಿಡಿಯಬೇಕು, ಅವನು ಇವನ ಶಿವರಾತ್ರಿ ಮಾಡಬೇಕು.

ಹಾಗಾಗಿ ರಂಜಾನ್ ಬಂತೆಂದರೆ ಕೋಳಿ ಕೂಗುವ ಮೊದಲೇ ಅಜ್ಜಿಯ ಅಡುಗೆಮನೆಯಲ್ಲಿ ಮಾವನ ಊಟದ ಪಾತ್ರೆಗಳ ಸದ್ದು. "ಯಾರೋ ಅದು ಮಹಮೂದು? ಹೊಳೆಹೊನ್ನೂರಿನ ಕಡೆಯವನಾ?" ಎಂದು ಅಜ್ಜಿ ಕೇಳುತ್ತಿದ್ದಳು. ಈಜಿಪ್ಟ್ ಎಂದರೆ ಅವಳ ಲೆಕ್ಕದಲ್ಲಿ ಹೊಳೆ ದಾಟಿದರೆ ಸಿಗುವ ಊರು. "ಒಂದ್ಸಲ ಮನೆಗೆ ಕರ್ಕೊಂಡು ಬಾ, ನಾನೇ ಬುದ್ಧಿ ಹೇಳ್ತೀನಿ."

ಬೀದಿ ತುದಿಯ ಲಾರಿ ಮೆಕ್ಯಾನಿಕ್ ಸಾಬರಿಗಂತೂ ದೊಡ್ಡ ಸಂಕಟ. "ನಮ್ ಹುಡುಗ್ರೇ ಕದ್ದು ಚಾ ಕುಡೀತಾರೆ, ಈಗ ಅವ್ರನ್ನ ಬೈಯೋವಾಗೆಲ್ಲ ನಿಮ್ಮನ್ನೇ ತೋರಿಸ್ಬೇಕು. ಏನ್ ಮಾರಾಯ್ರೇ, ನಮ್ಮ ಮರ್ಯಾದೆ ತೆಗೀತೀರಲ್ಲ!" ಎಂದು ನಗುತ್ತಿದ್ದರು.

ಆಮೇಲೆ ಒಂದು ವರ್ಷ ಈಜಿಪ್ಟಿನಲ್ಲಿ ಯುದ್ಧವಾಯಿತು. ಮಹಮೂದನ ಕಾಗದ ನಿಂತಿತು. ಮಾವ ಬರೆದವಕ್ಕೂ ಉತ್ತರವಿಲ್ಲ. ಹೊತ್ತು ಹೊತ್ತಿಗೂ "ನಮ್ಮ ಮಹಮೂದ್ ಹೇಳ್ತಿದ್ದ" ಎನ್ನುತ್ತಿದ್ದ ಮನುಷ್ಯ ಅವನ ಹೆಸರೆತ್ತುವುದನ್ನೇ ಬಿಟ್ಟ. ನಮಗೆಲ್ಲ ಹುಚ್ಚು ಬಿಟ್ಟಿತೆಂದು ಖುಷಿ! ಅಜ್ಜಿ ಅದೇ ಉತ್ಸಾಹದಲ್ಲಿ ಶಿವಮೊಗ್ಗದ ಅಡಿಕೆ ಮಂಡಿಯವರ ಮಗಳನ್ನು ಗೊತ್ತು ಮಾಡಿ, ಪಂಚಾಂಗ ನೋಡಿಸಿ, ಲಗ್ನ ಇಡಿಸಿಬಿಟ್ಟಳು. ಪಂಚಾಂಗದಲ್ಲಿ ರಂಜಾನ್ ಎಲ್ಲಿ ಕಾಣಬೇಕು?

ಮದುವೆಯ ಹಿಂದಿನ ದಿನ ಗೊತ್ತಾಯಿತು, ಮದುಮಗ ರೋಜಾದಲ್ಲಿದ್ದಾನೆ! ಅಜ್ಜಿ ತಲೆ ಚಚ್ಚಿಕೊಂಡಳು. "ಹಾಳಾಗಿ ಹೋಗ್ಲಿ, ಬೀಗರ ಮುಂದೆ ಈ ವಿಷಯ ಬಾಯಿ ಬಿಟ್ಟರೆ ನನ್ನಾಣೆ" ಎಂದು ತಲೆ ಮುಟ್ಟಿಸಿಕೊಂಡಳು.

ಧಾರೆಯವರೆಗೆ ತೊಂದರೆಯಿಲ್ಲ, ಮದುಮಕ್ಕಳು ಹೇಗೂ ಉಪವಾಸ. ಫಜೀತಿ ಶುರುವಾದದ್ದು ಭೂಮದ ಊಟದಲ್ಲಿ. ಗಂಡು ಹೆಣ್ಣು ಒಟ್ಟಿಗೆ ಕೂತು ಮೊದಲ ತುತ್ತು ತೆಗೆದುಕೊಳ್ಳಬೇಕು, ಆಮೇಲೆ ಉಳಿದವರು. ಛತ್ರದ ತುಂಬ ಎಲೆ ಹಾಕಿದೆ, ಹೋಳಿಗೆಯ ಮೇಲೆ ತುಪ್ಪ ಬಿದ್ದಿದೆ, ಮಾವ ಕೈ ಕಟ್ಟಿ ಕೂತಿದ್ದಾನೆ. ಆಗಷ್ಟೇ ಕಾಲೇಜು ಸೇರಿದ್ದ ನಾನು ಅವನ ಪಕ್ಕದ ಎಲೆಯಲ್ಲಿ ಹಸಿದು ಸಾಯುತ್ತಿದ್ದೆ.

ಹುಡುಗಿಯ ತಂದೆ ಲೋಕ ಕಂಡವರು. ಊಟದೆಲೆಯ ಮುಂದೆ ಅಳಿಯ ಕೈ ಕಟ್ಟಿದನೆಂದರೆ ಏನೆಂದು ಅವರಿಗೆ ಗೊತ್ತಿಲ್ಲವೇ! ಒಳಗೆ ಹೋಗಿ ಚಿನ್ನದ ಉಂಗುರ ತಂದರು.

"ಬೇಡ" ಎಂದು ಮಾವ ಕೂತಲ್ಲೇ ಸೊಂಟ ಬಗ್ಗಿಸಿದ.

ಹುಡುಗಿಯ ಸೋದರತ್ತೆಯೊಬ್ಬರು ರೇಡಿಯೋ ಎಂದರು. "ದಯವಿಟ್ಟು ಬೇಡ." ಇನ್ನೊಮ್ಮೆ ಬಗ್ಗಿದ. "ಭಾರೀ ಗಟ್ಟಿಗ ಮಾರಾಯ, ಎಷ್ಟು ವಿನಯದಿಂದ ಏರಿಸ್ತಾನೆ ನೋಡು!" ಎಂದು ಹಿಂದಿನ ಪಂಕ್ತಿಯಲ್ಲಿ ಯಾರೋ ಮೆಚ್ಚಿಕೊಂಡರು. ಬೀಗರು ಬೆವರು ಒರೆಸಿಕೊಂಡು, "ಆಯ್ತು, ಸ್ಕೂಟರ್ ಬುಕ್ ಮಾಡಿಸ್ತೀನಿ. ಒಂದು ತುತ್ತು ತಗೊಳಿ ಅಳಿಯಂದಿರೇ" ಎಂದು ಕೈ ಮುಗಿದರು. ನಗುತ್ತಿದ್ದ ನನಗೂ ನಗು ನಿಂತಿತು. ಅಜ್ಜಿ ಕಂಬದ ಹಿಂದಿನಿಂದ ಕಣ್ಣಲ್ಲೇ ಗದರಿಸುತ್ತಿದ್ದಳು. ಯಾರೋ ದೊಡ್ಡ ದನಿಯಲ್ಲೇ ಅಂದರು: "ಇಂಥ ಆಸೆಬುರುಕನ ಮನೆಗೆ ಹುಡುಗಿ ಕಳಿಸೋದಾ?"

ಆಗ ಹುಡುಗಿ ತಲೆ ತಗ್ಗಿಸಿಕೊಂಡೇ, ನಮಗಿಬ್ಬರಿಗಷ್ಟೇ ಕೇಳುವ ಹಾಗೆ ಕೇಳಿದಳು: "ನಿಮಗೆ ಏನು ಬೇಕು? ನಿಜ ಹೇಳಿ."

ಮಾವ ಅಜ್ಜಿಯ ಆಣೆ ಮುರಿದ. "ಏನೂ ಬೇಡ. ರೋಜಾ ಇದೀನಿ. ಒಬ್ಬ ಸ್ನೇಹಿತನಿಗೆ ಮಾತು ಕೊಟ್ಟಿದ್ದೆ."

"ಅವರು ಎಲ್ಲಿದಾರೆ?"

"ಗೊತ್ತಿಲ್ಲ. ಅವರ ದೇಶದಲ್ಲಿ ಯುದ್ಧ ಆಯ್ತು. ಆಮೇಲೆ ಸುದ್ದಿ ಇಲ್ಲ." ಮಾವ ಎಲೆಯ ಮೇಲಿನ ಹೋಳಿಗೆಯನ್ನು ನೋಡಿದ. "ಇವತ್ತು ನಾನು ಉಂಡುಬಿಟ್ರೆ, ಅವನು ಹೋಗ್ಬಿಟ್ಟ ಅಂತ ನಾನೇ ಒಪ್ಕೊಂಡ ಹಾಗೆ ಆಗುತ್ತೆ."

ನನಗೆ ತುತ್ತಿನ ಆಸೆಯೇ ಹೋಯಿತು. ಹುಚ್ಚು ಬಿಟ್ಟಿತೆಂದು ನಾವು ಸಂತೋಷಪಟ್ಟಿದ್ದ ಅಷ್ಟೂ ತಿಂಗಳು ಈ ಮನುಷ್ಯ ಇದನ್ನು ಒಬ್ಬನೇ ಹೊತ್ತುಕೊಂಡು ಓಡಾಡಿದ್ದ.

ಹುಡುಗಿ ತಲೆಯೆತ್ತಿ ತಂದೆಯನ್ನು ನೋಡಿದಳು. "ಅಪ್ಪಾ, ಇವರು ಏನೂ ಕೇಳ್ತಿಲ್ಲ. ಇವರದ್ದು ಇವತ್ತು ಉಪವಾಸ. ನಂದೂ ಅಷ್ಟೇ. ನಾವು ಹೊತ್ತು ಮುಳುಗಿದ ಮೇಲೆ ಉಣ್ತೀವಿ. ನೀವೆಲ್ಲ ಊಟ ಮಾಡಿ." ಬೀಗರು ಒಂದು ಗಳಿಗೆ ಮಗಳನ್ನೇ ನೋಡಿ, ಕಣ್ಣೊರೆಸಿಕೊಂಡು, "ಬಡಿಸ್ರೋ" ಎಂದರು.

ಸಂಜೆ ಮಂಟಪದ ಮೂಲೆಯಲ್ಲಿ ಇಬ್ಬರೂ ಒಂದೊಂದು ಖರ್ಜೂರ ಹಿಡಿದು ಕೂತರು. ಅವಳು ಕೇಳಿದಳು, "ಅವರ ಹೆಸರೇನು?"

ಎಷ್ಟೋ ತಿಂಗಳ ಮೇಲೆ ಮಾವ ಆ ಹೆಸರು ಹೇಳಿದ. ಹೇಳಿ, ತಾಳಿ ಕಟ್ಟಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಅವಳು ಅವನ ಅಳು ನಿಲ್ಲುವವರೆಗೆ ಕಾದಳು. ಆಮೇಲೆ, "ನಾಳೆ ಬೆಳಿಗ್ಗೆ ಏಳುವಾಗ ನನ್ನನ್ನೂ ಎಬ್ಬಿಸಿ" ಎಂದಳು.