ಹತ್ತೊಂಬತ್ತು ತಾತ್ಕಾಲಿಕ ಎಲೆಗಳ ನೇಮಕಾತಿ ಕುರಿತು

ಉದ್ಯಾನವನ ಕಚೇರಿ, ಪೂರ್ವ ದ್ವಾರ, ತೈನಾನ್
ಸಂಖ್ಯೆ: ಉಕ/ಎಲೆ/19/ತಾತ್ಕಾಲಿಕ
ದಿನಾಂಕ: ಏಪ್ರಿಲ್ 14

ವಿಷಯ: ಪಿಕಳಾರ ಹಕ್ಕಿಯ ಗೂಡಿನ ಸುತ್ತ ಕತ್ತರಿಸಲಾದ ಎಲೆಗಳ ಜಾಗದಲ್ಲಿ ಛಾಯಾಗ್ರಾಹಕರನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ: 1) ದೂರು ಪುಸ್ತಕ, ಪುಟ 41.
2) ಅದೇ ಪುಟದ ಅಂಚಿನಲ್ಲಿ ಬರೆಯಲಾದ ಪ್ರತ್ಯುತ್ತರ.
3) ಈ ಕಚೇರಿಯ ಮೌಖಿಕ ಆದೇಶ, ದಿನಾಂಕ 6 (ಮರದ ಕೆಳಗೆ ನಿಂತು ಕೂಗಿ ಹೇಳಿದ್ದು).

ಕೊಳದ ಬದಿಯ ಹಿಪ್ಪುನೇರಳೆ ಮರದಲ್ಲಿ, ಆಳೆತ್ತರದಲ್ಲಿ, ಬಿಳಿತಲೆ ಪಿಕಳಾರವೊಂದು ಗೂಡು ಕಟ್ಟಿ ಮೂರು ಮರಿ ಮಾಡಿರುತ್ತದೆ. ಛಿಂಗ್‌ಮಿಂಗ್ (ಹಿರಿಯರ ಸಮಾಧಿ ಶುಚಿಗೊಳಿಸುವ) ಹಬ್ಬದ ಮರುದಿನ ಸದರಿ ಗೂಡನ್ನು ಮರೆಮಾಡಿದ್ದ ಹತ್ತೊಂಬತ್ತು ಎಲೆಗಳು ಇಲ್ಲವಾಗಿರುವುದು ಕಂಡುಬಂದಿದೆ. ಈ ಬಗ್ಗೆ, ಗೂಡಿನ ಫೋಟೋ ತೆಗೆಯಲು ಬರುವವರಲ್ಲಿ ಒಬ್ಬರಾದ, ಹಾಲುಮೀನಿನ ಗಂಜಿ ಅಂಗಡಿಯ ಶ್ರೀಮತಿ ತ್ಸೆಂಗ್ ಲಿ-ಹ್ವಾ ಅವರ ದೂರು ಯಥಾವತ್ತಾಗಿ ಹೀಗಿದೆ:

"ಕತ್ತರಿಸಿದ್ದು ಚಿಯೆನ್ ಮೇಷ್ಟ್ರು. ಅಪ್ಪನ ಸಮಾಧಿ ಮೇಲಿನ ಹುಲ್ಲು ಕತ್ತರಿಸ್ಕೊಂಡು ಬಂದ್ರಲ್ಲ, ಅದೇ ಕತ್ತರೀಲಿ! ಕೇಳಿದ್ರೆ 'ಒಂದೇ ಎಲೆ ಅಕ್ಕಾ' ಅಂತಾರೆ. ಹತ್ತೊಂಬತ್ತು ಸಲ ಒಂದೇ ಎಲೆ!"

ಇನ್ನೊಬ್ಬ ಛಾಯಾಗ್ರಾಹಕರಾದ ನಿವೃತ್ತ ಗಣಿತ ಶಿಕ್ಷಕ ಶ್ರೀ ಚಿಯೆನ್ ಅವರು ಅಂಚಿನಲ್ಲಿ ಬರೆದಿರುವುದು:

"ನಾನು ಕತ್ತರಿಸ್ತಿದ್ದಾಗ ಹಿಂದಿನಿಂದ 'ಇನ್ನೊಂಚೂರು ಎಡಕ್ಕೆ ಮೇಷ್ಟ್ರೇ, ಬಾಲ ಕಾಣ್ತಿಲ್ಲ' ಅಂದೋರು ಯಾರಕ್ಕಾ? ನಿಮ್ಮ ಗಂಜಿ ಪಾತ್ರೆನಾ?"

ಎಲೆಗಳಿಲ್ಲದ ಕಾರಣ ಹತ್ತು ಗಂಟೆಯ ನಂತರ ಮರಿಗಳ ಮೇಲೆ ನೇರ ಬಿಸಿಲು ಬೀಳುತ್ತಿದ್ದು, ಅವು ಬಾಯಿ ತೆರೆದು ಏದುತ್ತಿದ್ದವು. ಅಲ್ಲದೆ ಕಾಗೆ ಜಾತಿಯ ಎರಡು ಮಟಪಕ್ಷಿಗಳು ದೀಪದ ಕಂಬದ ಮೇಲೆ ಕುಳಿತು, ಮರಿಗಳನ್ನು ಎತ್ತಿಕೊಂಡು ಹೋಗುವ ಉದ್ದೇಶದಿಂದ ಸ್ಥಳ ಪರಿಶೀಲನೆ ನಡೆಸಿವೆ. ಹಸಿರು ಬಲೆ ಖರೀದಿಗೆ ನಲವತ್ತೈದು ಕೆಲಸದ ದಿನಗಳು ಬೇಕಾಗಿದ್ದು, ಮರಿಗಳು ಅಷ್ಟು ಕಾಯಲು ಸಿದ್ಧವಿಲ್ಲ. ತಾಯಿಹಕ್ಕಿಯು ಹೊಸ ವಸ್ತುಗಳಿಗೆ ಬೆದರುತ್ತದೆಯಾದರೂ, ದಿನವಿಡೀ ಅಲ್ಲೇ ಸ್ಟೂಲು ಹಾಕಿ ಕೂರುವ ಛಾಯಾಗ್ರಾಹಕರನ್ನು ಮರದ ಬೊಡ್ಡೆಗಳೆಂದು ಭಾವಿಸಿರುವುದು ದೃಢಪಟ್ಟಿದೆ. ಆದ್ದರಿಂದ ಈಗಾಗಲೇ ಜಾರಿಯಲ್ಲಿರುವ ಮೌಖಿಕ ಆದೇಶವನ್ನು ಈ ಕೆಳಕಂಡಂತೆ ಲಿಖಿತಗೊಳಿಸಲಾಗಿದೆ.

1. ಕತ್ತರಿಸಿದ ಪ್ರತಿ ಎಲೆಯ ಜಾಗದಲ್ಲಿ ಒಬ್ಬ ಛಾಯಾಗ್ರಾಹಕರು ಹಸಿರು ಕೊಡೆ ಹಿಡಿದು ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ನಿಲ್ಲತಕ್ಕದ್ದು. ಇವರನ್ನು ಇನ್ನು ಮುಂದೆ 'ತಾತ್ಕಾಲಿಕ ಎಲೆ' ಎನ್ನಲಾಗುವುದು. ಶ್ರೀ ಚಿಯೆನ್ ಅವರು ಎಲೆ ಸಂಖ್ಯೆ 1.

2. ಹತ್ತೊಂಬತ್ತು ಎಲೆಗಳಿಗೆ ಒಂಬತ್ತೇ ಜನ ದೊರೆತಿರುವುದರಿಂದ, ಅಗಲವಾದ ಮೈಕಟ್ಟಿನವರನ್ನು ಎರಡು ಎಲೆಗಳೆಂದೂ ಅತಿ ಅಗಲವಾದವರನ್ನು ಮೂರೆಂದೂ ಪರಿಗಣಿಸಲಾಗಿದೆ. ಈ ಸಂಬಂಧ ಶ್ರೀಮತಿ ತ್ಸೆಂಗ್ ಸಲ್ಲಿಸಿರುವ ಆಕ್ಷೇಪಣೆ ಪರಿಶೀಲನೆಯಲ್ಲಿದೆ.

3. ಕೊಡೆಯನ್ನು ಎರಡೂ ಕೈಗಳಿಂದ ಹಿಡಿಯತಕ್ಕದ್ದು. ಕ್ಯಾಮೆರಾಗಳನ್ನು ಕಚೇರಿಯಲ್ಲಿ ಒಪ್ಪಿಸತಕ್ಕದ್ದು. ಎಲೆಗಳಿಗೆ ಕ್ಯಾಮೆರಾ ಇರುವುದಿಲ್ಲ.

4. ಗಾಳಿ ಬೀಸಿದಾಗ ಅಲುಗಾಡಬಹುದು. ಗಾಳಿಯಿಲ್ಲದೆ ಅಲುಗಾಡುವ ಎಲೆಗಳಿಂದ ವಿವರಣೆ ಕೇಳಲಾಗುವುದು. ಪಕ್ಕದ ಎಲೆಯ ಲೆನ್ಸಿನ ಬಗ್ಗೆ ಕೊಂಕು ನುಡಿಯುವುದು ಎಲೆಯ ಲಕ್ಷಣವಲ್ಲ.

5. ಎಲೆಗಳು ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುತ್ತವೆ ಎಂಬುದು ಸರ್ವವಿದಿತ. ಆದರೂ ದಿನಾಂಕ 8ರಂದು ಒಂದು ಎಲೆಯು ಮತ್ತೊಂದು ಎಲೆಗೆ ಚಮಚದಿಂದ ಹಾಲುಮೀನಿನ ಗಂಜಿ ಕುಡಿಸುತ್ತಿದ್ದುದು ಕಂಡುಬಂದಿದೆ. "ಕೈ ಬಿಡುವಿಲ್ಲ ಪಾಪ, ತಿನ್ನಿ ಮೇಷ್ಟ್ರೇ, ನಿಮ್ಮ ಮೇಲಿನ ಕೋಪ ಹಾಗೇ ಇದೆ" ಎಂಬ ಸಮಜಾಯಿಷಿಯನ್ನು ಒಪ್ಪಲಾಗಿದೆ. ಶುಂಠಿ ಹೆಚ್ಚಾಗದಂತೆ ಎಚ್ಚರ ವಹಿಸತಕ್ಕದ್ದು.

6. ಎಪ್ಪತ್ತೈದು ದಾಟಿದವರನ್ನು ಹಣ್ಣೆಲೆ ಎಂದು ಗುರುತಿಸಿ ಸ್ಟೂಲು ನೀಡಲಾಗುವುದು. ಉದುರಲು ಇಚ್ಛಿಸುವವರು ಎರಡು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.

7. ಎಲೆಗಳು 'ಸರಸರ' ಎಂಬುದಕ್ಕಿಂತ ಹೆಚ್ಚಿನ ಸದ್ದು ಮಾಡಬಾರದು. ದಿನಾಂಕ 9ರಂದು ಮಟಪಕ್ಷಿಯೊಂದು ಗೂಡಿನ ಅಂಚಿಗೇ ಇಳಿದಾಗ ಎಲೆ ಸಂಖ್ಯೆ 1 ತಮ್ಮ ಹುದ್ದೆಯನ್ನು ಮರೆತು, "ಏಯ್ ಕಳ್ಳ! ಮೂರಲ್ಲಿ ಒಂದು ಕಳೆದ್ರೆ ಎರಡು ಅಂತ ನನಗೇ ಲೆಕ್ಕ ಹೇಳಿಕೊಡ್ತೀಯಾ?" ಎಂದು ಅರಚಿ ಕೊಡೆ ಬೀಸಿರುತ್ತಾರೆ. ಇದು ನಿಯಮಬಾಹಿರ. ಆದರೆ ಅದರ ನಂತರವೂ ಮರಿಗಳ ಸಂಖ್ಯೆ ಮೂರೇ ಇದ್ದುದರಿಂದ ಕ್ರಮವನ್ನು ಕೈಬಿಡಲಾಗಿದೆ.

8. ಮೂರನೆಯ ಮರಿ ಹಾರಿದ ಕ್ಷಣದಲ್ಲಿ ಈ ಸುತ್ತೋಲೆ ತಾನಾಗಿಯೇ ರದ್ದಾಗುವುದು. ಅಲ್ಲಿಯವರೆಗೆ ಯಾವ ಎಲೆಯೂ ಕದಲತಕ್ಕದ್ದಲ್ಲ.

(ಸಹಿ)
ಅಧೀಕ್ಷಕರ ಪರವಾಗಿ ಗುಮಾಸ್ತೆ
(ಅಧೀಕ್ಷಕರು ಎಲೆ ಸಂಖ್ಯೆ 12 ಮತ್ತು 13 ಆಗಿ ಕರ್ತವ್ಯದಲ್ಲಿದ್ದಾರೆ)

ಪ್ರತಿಗಳು:
1. ತೋಟಗಾರಿಕೆ ಸಿಬ್ಬಂದಿಗೆ, ಮಾಹಿತಿಗಾಗಿ.
2. ಸ್ಮಶಾನದ ಕಾವಲುಗಾರರಿಗೆ: ಹಬ್ಬ ಮುಗಿಸಿದವರು ಕತ್ತರಿಯೊಂದಿಗೆ ನೇರ ಮನೆಗೆ ಹೋಗುವಂತೆ ಮುಂದಿನ ವರ್ಷ ತಿಳಿಹೇಳಲು.
3. ಮಟಪಕ್ಷಿಗಳಿಗೆ: ದೀಪದ ಕಂಬಕ್ಕೆ ಅಂಟಿಸಲಾಗಿದೆ.
4. ತಾಯಿಹಕ್ಕಿಗೆ: ಓದಿ ಹೇಳಲಾಗಿದೆ. ಬಾಯಲ್ಲಿ ಹುಳವಿದ್ದುದರಿಂದ ಉತ್ತರ ಬಂದಿಲ್ಲ.
5. ಮರಿಗಳಿಗೆ, ಮೂರು ಪ್ರತಿ: ಎರಡು ಮರಿಗಳು ಬೆಳಿಗ್ಗೆಯೇ ತೆರಳಿದ್ದು, ಮಧ್ಯಾಹ್ನ ಪ್ರತಿ ತಲುಪಿಸಲು ಹೋದಾಗ ಮೂರನೆಯದೂ ಆಗಷ್ಟೇ ವಿಳಾಸ ತೊರೆದಿತ್ತು. ಹಾರಿದ್ದರ ಫೋಟೋ ಇದೆಯೇ ಎಂದು ಎಲೆ ಸಂಖ್ಯೆ 1 ಅವರನ್ನು ವಿಚಾರಿಸಲಾಗಿ, "ಎರಡೂ ಕೈಲಿ ಕೊಡೆ ಇಟ್ಕೊಂಡು ಏನ್ ಫೋಟೋ ತೆಗೀಲಮ್ಮಾ? ಹಾರೋ ಮುಂಚೆ ಕೊಡೆ ಮೇಲೆ ಕೂತು ಹಿಕ್ಕೆ ಹಾಕಿ ಹೋದ, ಪುಂಡ. ಇದನ್ನ ತೊಳೆಯೋಕೆ ಮಾತ್ರ ಕೊಡಲ್ಲ ನಾನು" ಎಂದು ಹೇಳಿಕೆ ನೀಡಿರುತ್ತಾರೆ. ಸದರಿ ಕೊಡೆಯನ್ನು ಅವರಿಗೇ ಬಿಟ್ಟುಕೊಟ್ಟು, ದಾಸ್ತಾನು ಪುಸ್ತಕದಲ್ಲಿ 'ಛಾಯಾಚಿತ್ರ, ಒಂದು' ಎಂದು ನಮೂದಿಸಲಾಗಿದೆ.